ತೆಂಗಿನ ಮರದ ಕೋಡ್ ಯಾವುದು?

ಮರದಿಂದ ಬಿದ್ದವರಿಗೆ ಜಗತ್ತಿನ ಆರೋಗ್ಯ ಲೆಕ್ಕದಲ್ಲಿ ಒಂದು ಕೋಡ್ ಇದೆ: ಡಬ್ಲ್ಯು 14. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಗಳ ಪಟ್ಟಿಯಲ್ಲಿ ಅದಕ್ಕೆಂದೇ ಬಿಟ್ಟ ಸಾಲು ಅದು. ಮರದಿಂದ ಮನುಷ್ಯ ಬೀಳದೆ, ಕಾಯಿಯೇ ಮನುಷ್ಯನ ಮೇಲೆ ಬಿದ್ದರೆ ಬೇರೆ ಸಾಲು, ಡಬ್ಲ್ಯು 20. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇವೆರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಕಳೆದ ವರ್ಷ ಕಾಯಿ ಕೆಡವಲು ಹತ್ತಿ ಬಿದ್ದವರೆಷ್ಟು, ಅವರಲ್ಲಿ ಮತ್ತೆ ಎದ್ದು ನಡೆದವರೆಷ್ಟು ಎಂದು ಕೇಳಿದರೆ ನಂಬಬಹುದಾದ ಒಂದು ಸಂಖ್ಯೆ ಕೈಗೆ ಸಿಗುವುದು ಕಷ್ಟ. ಕೋಡ್ ಇದೆ, ಬಿದ್ದವರೂ ಇದ್ದಾರೆ. ಈ ಎರಡರ ನಡುವೆ ಏನೋ ತಪ್ಪಿಹೋಗುತ್ತದೆ.

ಹೊನ್ನವಳ್ಳಿ ಕಡೆಯ ತೋಟದಲ್ಲಿ ಒಬ್ಬ ಬಿದ್ದ ಎಂದುಕೊಳ್ಳಿ. ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಡ್ಯೂಟಿ ಡಾಕ್ಟರು ‘ಎತ್ತರದಿಂದ ಬಿದ್ದದ್ದು’ ಎಂದು ಬರೆದು ಮುಂದಕ್ಕೆ ಕಳಿಸುತ್ತಾರೆ. ಮುಂದಕ್ಕೆ ಅಂದರೆ ನಮ್ಮ ಸೀಮೆಯಲ್ಲಿ ಒಂದೇ ದಿಕ್ಕಲ್ಲ. ತಿಪಟೂರಿನವರು ತುಮಕೂರಿಗೂ ಹೋಗುತ್ತಾರೆ, ಹಾಸನಕ್ಕೂ ಹೋಗುತ್ತಾರೆ. ತುರುವೇಕೆರೆಯವರಿಗೆ ಬೆಳ್ಳೂರಿನ ಬಿ.ಜಿ. ನಗರ ಹತ್ತಿರ, ಕೈಯಲ್ಲಿ ದುಡ್ಡೋ ಪರಿಚಯವೋ ಇದ್ದವರು ನೇರ ಬೆಂಗಳೂರಿಗೆ. ಅಲ್ಲಿ ಮೂಳೆ ಡಾಕ್ಟರ ಕಣ್ಣಿಗೆ ಕಾಣುವುದು ಬೆನ್ನುಮೂಳೆ. ಮುರಿತದ ಕೋಡ್ ‘ಎಸ್’ ಅಕ್ಷರದಿಂದ ಶುರುವಾಗುತ್ತದೆ, ಬಿದ್ದ ಕಾರಣದ ಕೋಡ್ ‘ಡಬ್ಲ್ಯು’ನಿಂದ. ಎರಡನ್ನೂ ಬರೆಯಬೇಕು. ಬಿಲ್ಲಿಗೆ ಬೇಕಾದದ್ದು ಮೊದಲನೆಯದು ಮಾತ್ರ, ಹಾಗಾಗಿ ಎರಡನೆಯದು ಬಿಟ್ಟುಹೋಗುತ್ತದೆ. ಅಲ್ಲಿಗೆ ಕಾಗದದಿಂದ ಮರವೇ ಮಾಯ. ಆತ ಸತ್ತರೆ ಠಾಣೆಯಲ್ಲಿ ಅಸಹಜ ಸಾವಿನ ಕಡತ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮಾಡಿಸಿದ್ದರೆ ಅಲ್ಲಿನದು ಮತ್ತೊಂದು ಅರ್ಜಿ. ನಾಲ್ಕು ಕಾಗದಗಳಲ್ಲೂ ಇರುವುದು ಒಬ್ಬನೇ ಮನುಷ್ಯ, ಆದರೆ ಆ ಕಾಗದಗಳು ಒಂದನ್ನೊಂದು ಕಂಡಿರುವುದಿಲ್ಲ.

ಕೋಡ್ ಬರೆಯಲು ಕುಳಿತವರಿಗೂ ಇದು ಸಲೀಸಲ್ಲ. ಐಸಿಡಿ-10ರಲ್ಲಿ ಡಬ್ಲ್ಯು 14ರ ಮುಂದೆ ಇನ್ನೊಂದು ಅಂಕಿ ಸೇರಿಸಿ ಜಾಗ ಹೇಳಬೇಕು: ಮನೆಯಾದರೆ ಸೊನ್ನೆ, ಜಮೀನಾದರೆ 7. ಮನೆಯ ಕೈತೋಟ, ಅಂಗಳ ಮನೆಗೆ ಸೇರಿದ್ದು. ಜಮೀನಿನಲ್ಲಿರುವ ಮನೆಯೂ ಮನೆಯೇ, ಜಮೀನಲ್ಲ ಎಂದು ಪಟ್ಟಿ ಹೇಳುತ್ತದೆ. ಹಿತ್ತಿಲ ಮರಕ್ಕೂ ತೋಟದ ಮರಕ್ಕೂ ನಡುವೆ ಬೇಲಿ ಇಲ್ಲದ, ತೋಟದ ಮನೆಯ ಸೂರಿಗೇ ಗರಿ ತಾಗುವ ಊರುಗಳಲ್ಲಿ ಈ ಗೆರೆ ಎಲ್ಲಿ ಎಳೆಯುವುದು? 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11 ಇದನ್ನು ಇನ್ನೊಂದು ರೀತಿ ಜೋಡಿಸಿದೆ. ಒಂದು ಮೀಟರ್ ಅಥವಾ ಅದಕ್ಕಿಂತ ಎತ್ತರದಿಂದ ಬಿದ್ದದ್ದೆಲ್ಲ ಒಂದು ಗುಂಪು. ಬಿದ್ದದ್ದು ಯಾವುದರಿಂದ ಎನ್ನುವುದನ್ನು ಬೇಕಿದ್ದರೆ ಪಕ್ಕದಲ್ಲಿ ಅಂಟಿಸಿಕೊಳ್ಳಬಹುದು. ‘ಬೇಕಿದ್ದರೆ’ ಎಂದದ್ದೆಲ್ಲ ನಮ್ಮ ಆಸ್ಪತ್ರೆಗಳ ಸಂತೆಯಲ್ಲಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ದೇಶದ ಆರೋಗ್ಯ ಮಾಹಿತಿಗೆ ಒಂದೇ ಬಗೆಯ ವ್ಯಾಖ್ಯೆ ಬೇಕು ಎನ್ನುವ ಮಾತು ಹೊಸದಲ್ಲ. 2008ರಲ್ಲಿ ಆಸ್ಪತ್ರೆಗಳ ಅಂಕಿಅಂಶ ಸೇರಿಸುವ ಎಚ್‌ಎಂಐಎಸ್ ಪೋರ್ಟಲ್ ಬಂತು. 2013ರಲ್ಲಿ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಗಳ ಮಾನದಂಡ ಪ್ರಕಟವಾಗಿ 2016ರಲ್ಲಿ ತಿದ್ದುಪಡಿಯಾಯಿತು. 2014ರಲ್ಲಿ ಭಾರತ ಸ್ನೋಮೆಡ್ ಎಂಬ ವೈದ್ಯಕೀಯ ಪದಕೋಶದ ಸದಸ್ಯನಾಯಿತು. ಅದನ್ನು ನೋಡಿಕೊಳ್ಳುವ ಕೇಂದ್ರ ಪುಣೆಯ ಸಿ-ಡ್ಯಾಕ್‌ನಲ್ಲಿದೆ. 2018ರಲ್ಲಿ ಎಂಡಿಡಿಎಸ್ ಬಂತು: ರೋಗಿಯ ಹೆಸರು, ಹುಟ್ಟಿದ ದಿನ, ಊರು, ರಕ್ತದೊತ್ತಡ ಇವನ್ನೆಲ್ಲ ಯಾವ ಆಕಾರದಲ್ಲಿ, ಎಷ್ಟು ಅಕ್ಷರದಲ್ಲಿ ಬರೆಯಬೇಕೆಂದು ಹೇಳುವ ದಪ್ಪ ಕೈಪಿಡಿ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುವಾಗಿ 14 ಅಂಕಿಯ ಆಭಾ ಸಂಖ್ಯೆ ಮನೆಮನೆಗೆ ಬಂತು. ಜನಕ್ಕೆ ಗೊತ್ತಿರುವುದು ಈ ಕೊನೆಯದು, ಅದೂ ಆಸ್ಪತ್ರೆಯ ಕೌಂಟರಿನಲ್ಲಿ ಮೊಬೈಲಿಗೆ ಬರುವ ಒಟಿಪಿಯಾಗಿ.

ಆ ಸಂಖ್ಯೆಯ ಹಿಂದೆ ಸಾಗಬೇಕಾದ ಸರಕು ಮೂರು ಬಗೆಯದು. ಡಾಕ್ಟರು ಹಾಸಿಗೆಯ ಪಕ್ಕ ನಿಂತು ಹೇಳುವ ಮಾತಿಗೆ ಸ್ನೋಮೆಡ್. ಅದರಲ್ಲಿ ಹೃದಯಾಘಾತಕ್ಕೆ 22298006. ಲ್ಯಾಬಿನ ಪರೀಕ್ಷೆಗೆ ಲಾಯಿಂಕ್; ರಕ್ತದ ಹಿಮೋಗ್ಲೋಬಿನ್ನಿಗೆ 718-7. ಕೊನೆಗೆ ಎಣಿಸಲು, ಹೋಲಿಸಲು ಐಸಿಡಿ. ಕಂಪ್ಯೂಟರಿನವರಿಗೆ ಇಷ್ಟಾದರೆ ಕೆಲಸ ಮುಗಿದಂತೆ. ನನ್ನ ಪ್ರಕಾರ ಕೆಲಸ ಶುರುವಾಗುವುದು ಇಲ್ಲಿಂದ. ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ ಎಂಬ ಗೆರೆ ಎಲ್ಲರಿಗೂ ಒಂದೇ. ಆದರೆ ಕಣ್ಣಳತೆಯಲ್ಲಿ ಬಣ್ಣ ಹೋಲಿಸುವ ಹಳೆಯ ಸಾಹ್ಲಿ ಕೊಳವೆಯಲ್ಲಿ ನೋಡಿದ 10.8ಕ್ಕೂ ಯಂತ್ರ ತೋರಿಸಿದ 10.8ಕ್ಕೂ ಒಂದೇ ಬೆಲೆ ಅಲ್ಲ. ಅಂಕಿಯ ಜೊತೆ ‘ಯಾವುದರಲ್ಲಿ ನೋಡಿದ್ದು’ ಎಂಬುದೂ ಸಾಗದಿದ್ದರೆ, ಉಪಕೇಂದ್ರದಲ್ಲಿ ರಕ್ತಹೀನತೆ ಇದ್ದವಳು ತಾಲ್ಲೂಕು ಆಸ್ಪತ್ರೆಗೆ ಬರುವಷ್ಟರಲ್ಲಿ ಗುಣವಾಗಿಬಿಡುತ್ತಾಳೆ!

ವ್ಯಾಖ್ಯೆ ಅಂದರೇನೆಂದು ತಿಪಟೂರಿಗೆ ಬೇರೆ ಯಾರೂ ಪಾಠ ಮಾಡಬೇಕಿಲ್ಲ. ನಮ್ಮ ಎಪಿಎಂಸಿಯಲ್ಲಿ ಅದರ ಮೇಲೆಯೇ ಬದುಕು ನಡೆಯುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಒಳಗೊಳಗೇ ಗುಡುಗುಡು ಅನ್ನುವ ಉಂಡೆ ಕೊಬ್ಬರಿ ಬೇರೆ, ಎಣ್ಣೆಗೆ ಹೋಗುವ ಹೋಳು ಬೇರೆ. 2025ರ ಹಂಗಾಮಿಗೆ ಕೇಂದ್ರ ಉಂಡೆಗೆ ಕ್ವಿಂಟಲಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಖರೀದಿ ಕೇಂದ್ರದಲ್ಲಿ ಗಾತ್ರ, ತೇವಾಂಶ, ಬೂಸ್ಟು, ಸುಕ್ಕು ಎಂದು ಜಗಳವಾಗುತ್ತದಲ್ಲ, ಅದು ವ್ಯಾಖ್ಯೆಯ ಜಗಳ. ಗೆರೆ ಎಲ್ಲಿ ಎಳೆದರೆ ಯಾರ ಜೇಬಿಗೆ ಎಷ್ಟು ಎನ್ನುವುದು ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಎಲ್ಲರೂ ಬಾಯಿ ಬಿಡುತ್ತಾರೆ. ಆರೋಗ್ಯದ ಲೆಕ್ಕದಲ್ಲೂ ಗೆರೆಗೆ ಬೆಲೆ ಇದೆ. ಯಾವ ಪಿಎಚ್‌ಸಿಗೆ ಯಾವ ಔಷಧಿ, ಯಾವ ತಾಲ್ಲೂಕಿಗೆ ಮೂಳೆ ಡಾಕ್ಟರು ಎಂಬುದು ಕೊನೆಗೂ ಆ ಗೆರೆಯಿಂದಲೇ ಹುಟ್ಟುವುದು. ಅದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಜಗಳವೂ ಇಲ್ಲ.

ಒಮ್ಮೆ ಕಂಡಿತ್ತು. ಕೋವಿಡ್ ಕಾಲದಲ್ಲಿ ಸಕ್ಕರೆ ಕಾಯಿಲೆ ಇದ್ದು ಸೋಂಕು ತಗುಲಿ ಸತ್ತವರು ಯಾವುದರಿಂದ ಸತ್ತರು ಎಂಬ ಪ್ರಶ್ನೆ ಮೊದಲು ಡಾಕ್ಟರ ನಡುವಿನದಾಗಿತ್ತು. ಸುಪ್ರೀಂ ಕೋರ್ಟ್ ಪರಿಹಾರ ಕೊಡಬೇಕೆಂದ ಮೇಲೆ, 2021ರ ಸೆಪ್ಟೆಂಬರ್ 3ರ ಮಾರ್ಗಸೂಚಿ ಪಾಸಿಟಿವ್ ಬಂದ 30 ದಿನದೊಳಗಿನ ಸಾವನ್ನು ಕೋವಿಡ್ ಸಾವೆಂದು ಪರಿಗಣಿಸಿತು, ವಿಪತ್ತು ನಿಧಿಯಿಂದ 50,000 ರೂಪಾಯಿ ನಿಗದಿಯಾಯಿತು. ಕರ್ನಾಟಕ ಬಿಪಿಎಲ್ ಕುಟುಂಬಗಳಿಗೆ ಒಂದು ಲಕ್ಷ ಘೋಷಿಸಿತು. ಮರಣ ಪ್ರಮಾಣಪತ್ರದ ಒಂದು ಸಾಲಿಗೆ ತಾಲ್ಲೂಕು ಕಚೇರಿಗಳ ಮುಂದೆ ಜನ ನಿಂತದ್ದು ಆಗ. ಮನೆಯಲ್ಲೇ ಕೆಮ್ಮಿ ಸತ್ತು, ಟೆಸ್ಟೇ ಮಾಡಿಸದಿದ್ದವರ ಮನೆಯವರು ಕೂಡ ನಿಂತರು.

ಈಗ ಪಕ್ಕದ ಹಾಸನಕ್ಕೆ ಬರೋಣ. ಅರಸೀಕೆರೆ ನಮಗೆ ಬೇರೆ ಜಿಲ್ಲೆಯಾದರೂ ಅದೇ ತೆಂಗು, ಅದೇ ನೆಂಟಸ್ತಿಕೆ. 2025ರ ಮೇ ಕೊನೆಯಿಂದ ಜುಲೈ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ಎಳೆಯರು, ಹೃದಯಾಘಾತದಿಂದ ಸತ್ತರೆಂದು ಟಿವಿಯಲ್ಲಿ ದಿನಾ ಲೆಕ್ಕ ಬಂತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಅವುಗಳಲ್ಲಿ ರಸ್ತೆ ಅಪಘಾತ, ಮೂತ್ರಪಿಂಡದ ಕಾಯಿಲೆಯ ಸಾವುಗಳೂ ಇದ್ದವು. ಉಳಿದ 20ರಲ್ಲಿ ಶವಪರೀಕ್ಷೆ, ಇಸಿಜಿ, ಆಂಜಿಯೋಗ್ರಾಂ ಇಂಥದ್ದರ ಆಧಾರದಿಂದ ಖಚಿತವಾಗಿ ಹೃದಯದ್ದೆನ್ನಬಹುದಾದದ್ದು 10. ಇನ್ನು 10 ‘ಇರಬಹುದು’.

ಆ ‘ಇರಬಹುದು’ ಎಂಬ 10ನ್ನು ನಾನು ಸಮಿತಿಯ ಸೋಲು ಎನ್ನುವುದಿಲ್ಲ. ಪ್ರಾಮಾಣಿಕತೆ ಎನ್ನುತ್ತೇನೆ. ಯಾಕೆಂದರೆ ನಮ್ಮಲ್ಲಿ ಸಾವಿನ ಕಾರಣ ಡಾಕ್ಟರು ಬರೆದುಕೊಡುವುದೇ ಕಡಿಮೆ: 2020ರ ಕೇಂದ್ರದ ವರದಿಯಂತೆ, ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರ ಕಾರಣಪತ್ರ ಇದ್ದದ್ದು ಶೇ 22.5ಕ್ಕೆ ಮಾತ್ರ. ಬರೆದುಕೊಟ್ಟಲ್ಲೂ, ‘ಸಾಯುವ ರೀತಿಯನ್ನಲ್ಲ, ಸಾವಿಗೆ ತಂದ ಕಾಯಿಲೆಯನ್ನು ಬರೆಯಿರಿ’ ಎಂದು ನಮೂನೆಯೇ ಕೇಳಿಕೊಂಡರೂ ‘ಹೃದಯ, ಉಸಿರಾಟ ನಿಂತದ್ದು’ ಎಂದು ಬರೆದು ಸಹಿ ಹಾಕುವ ಅಭ್ಯಾಸ ದೇಶದ ತುಂಬ ಇದೆ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಊರಲ್ಲಂತೂ ಎದೆ ಹಿಡಿದುಕೊಂಡರೆ ಸಾಯುವ ತನಕ ‘ಗ್ಯಾಸ್ಟ್ರಿಕ್’, ಸತ್ತ ಮೇಲೆ ‘ಹಾರ್ಟ್ ಅಟ್ಯಾಕ್’.

ಹಾಸನದ ಬಳಿಕ ಸರ್ಕಾರ ಹಠಾತ್ ಸಾವುಗಳನ್ನು ವರದಿ ಮಾಡುವುದು ಕಡ್ಡಾಯ, ಆಸ್ಪತ್ರೆಯ ಹೊರಗೆ ಹಾಗೆ ಸತ್ತವರ ಶವಪರೀಕ್ಷೆಯೂ ಆಗಬೇಕು ಎಂದು ಹೇಳಿತು. ಸರಿಯಾದ ದಾರಿಯೇ. ಆದರೆ ಹಠಾತ್ ಅಂದರೆ ಎಷ್ಟು ಹೊತ್ತು? ವೈದ್ಯಕೀಯದ ರೂಢಿಯ ವ್ಯಾಖ್ಯೆ ಎರಡು ಭಾಗದ್ದು. ಯಾರಾದರೂ ಎದುರಿಗಿದ್ದರೆ, ತೊಂದರೆ ಕಾಣಿಸಿಕೊಂಡ ಒಂದು ಗಂಟೆಯೊಳಗೆ ಸತ್ತದ್ದು. ಯಾರೂ ಇಲ್ಲದಿದ್ದರೆ, ಕೊನೆಯ ಬಾರಿ ಚೆನ್ನಾಗಿದ್ದುದನ್ನು ಕಂಡ 24 ಗಂಟೆಯೊಳಗೆ ಸತ್ತದ್ದು. ರಾತ್ರಿ ಮೋಟರ್ ಆನ್ ಮಾಡಲು ಒಬ್ಬರೇ ತೋಟಕ್ಕೆ ಹೋಗಿ ಬೆಳಗ್ಗೆ ಸಿಕ್ಕವರನ್ನು ಕೊನೆಗೆ ನೋಡಿದ್ದು ಯಾರು, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ ಪ್ರಯೋಗಾಲಯದ್ದಲ್ಲ, ಉಪಕೇಂದ್ರದ ನರ್ಸಮ್ಮನದು. ಹೆಣ ಕೊಯ್ಯಬೇಡಿ ಎಂದು ಅಳುವ ಮನೆಯವರ ಎದುರು ನಿಲ್ಲುವವರೂ ಅವರೇ. ಸಮಿತಿಗೆ ಖಚಿತವಾಗದ ಆ 10ರಂಥ ಸಾವುಗಳು ಮುಂದೆ ಯಾವ ಸಾಲಿಗೆ ಸೇರುತ್ತವೆ ಎನ್ನುವುದು ಅವರ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಹೆರಿಗೆಯ ಲೆಕ್ಕ ಇದಕ್ಕಿಂತ ಸರಳ ಅನ್ನಿಸಬಹುದು. ಮಗು ಹುಟ್ಟಿತೋ ಇಲ್ಲವೋ ಎಂಬುದರಲ್ಲಿ ಗೊಂದಲವೇನು? ಗೊಂದಲ ಇರುವುದು ತವರಿನಲ್ಲಿ. ಹುಳಿಯಾರಿನ ಹುಡುಗಿಯನ್ನು ಮಾಯಸಂದ್ರಕ್ಕೆ ಕೊಟ್ಟಿದೆ. ಗರ್ಭಿಣಿಯೆಂದು ಹೆಸರು ಬರೆಸಿದ್ದು, ತಾಯಿ ಕಾರ್ಡ್ ಪಡೆದದ್ದು ತುರುವೇಕೆರೆ ತಾಲ್ಲೂಕಿನಲ್ಲಿ. ಸೀಮಂತ ಮುಗಿಸಿ ತವರಿಗೆ ಹೋದ ಮೇಲೆ ತಪಾಸಣೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ಹೆರಿಗೆ ತಿಪಟೂರಿನಲ್ಲಿ. ಎಚ್‌ಎಂಐಎಸ್ ಆಸ್ಪತ್ರೆಯನ್ನು ಎಣಿಸುತ್ತದೆ, ಅಂದರೆ ಹೆರಿಗೆ ತಿಪಟೂರಿಗೆ ಸೇರಿತು. ಆದರೆ ಅದನ್ನು ಭಾಗಿಸುವುದು ಆಯಾ ತಾಲ್ಲೂಕಿನ ಅಂದಾಜು ಗರ್ಭಿಣಿಯರ ಸಂಖ್ಯೆಯಿಂದ. ಹೀಗೆ ದೊಡ್ಡ ಆಸ್ಪತ್ರೆ ಇರುವ ತಾಲ್ಲೂಕಿನ ಸಾಧನೆ ಶೇ 100 ದಾಟಿಬಿಡುತ್ತದೆ, ಪಕ್ಕದ ತಾಲ್ಲೂಕಿನ ಆರೋಗ್ಯಾಧಿಕಾರಿಯಾದ ಟಿಎಚ್‌ಒ ಸಭೆಯಲ್ಲಿ ಬೈಸಿಕೊಳ್ಳುತ್ತಾರೆ. ಹೆಸರು ಹಿಡಿದು ಹಿಂಬಾಲಿಸುವ ಆರ್‌ಸಿಎಚ್ ಪೋರ್ಟಲ್ 12 ಅಂಕಿಯ ಸಂಖ್ಯೆ ಕೊಟ್ಟದ್ದು ಇದನ್ನು ನೀಗಿಸಲೆಂದೇ. ಅದು ಕೆಲಸ ಮಾಡುವುದು ಅವಳು ಕಾರ್ಡ್ ಜೊತೆಯಲ್ಲಿ ತಂದಿದ್ದರೆ. ಗಂಡನ ಮನೆಯ ಬೀರುವಿನಲ್ಲಿ ಉಳಿದಿದ್ದರೆ ತವರಿನಲ್ಲಿ ಹೊಸದೊಂದು ನೋಂದಣಿ, ಒಬ್ಬಳೇ ಇಬ್ಬರಾಗುತ್ತಾಳೆ.

ಇದರೊಳಗೊಂದು ಇನ್ನೂ ಗಂಭೀರ ಸಂಗತಿ ಇದೆ. ತಾಯಿ ಮರಣದ ಜಾಗತಿಕ ವ್ಯಾಖ್ಯೆ ಹೆರಿಗೆಯಾದ 42 ದಿನಕ್ಕೆ ನಿಲ್ಲುತ್ತದೆ. ಅದರ ನಂತರ ವರ್ಷದೊಳಗೆ ಸತ್ತರೆ ‘ತಡವಾದ ತಾಯಿ ಮರಣ’ ಎಂಬ ಬೇರೆ ಸಾಲು. ಮುಖ್ಯ ಅನುಪಾತದಲ್ಲಿ ಅದು ಬರುವುದಿಲ್ಲ. ನಮ್ಮಲ್ಲಿ ಬಾಣಂತನ ಮೂರು ತಿಂಗಳು, ಐದು ತಿಂಗಳು. ಐವತ್ತನೇ ದಿನ ಬಾಣಂತಿ ಇನ್ನೂ ತವರಿನಲ್ಲೇ ಇರುತ್ತಾಳೆ, ಅವಳ ದಾಖಲೆ ಗಂಡನ ಊರಿನಲ್ಲಿ, ಹೆರಿಗೆಯ ಕಾಗದ ಮೂರನೆಯ ಊರಿನಲ್ಲಿ. ಅವಳಿಗೆ ಏನಾದರೂ ಆದರೆ ಆ ಸಾವು ಯಾವ ಆಶಾ ಕಾರ್ಯಕರ್ತೆಯ ಪುಸ್ತಕಕ್ಕೂ ಸೇರದೆ ಜಾರಿಹೋಗುವ ಎಲ್ಲ ಅವಕಾಶವೂ ಇದೆ.

ಹೆಸರು, ಊರು, ವಯಸ್ಸಿನ ಕಾಟ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ನಮಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ನಮೂನೆಗೆ ಸರ್‌ನೇಮ್ ಬೇಕು. ಹಿರಿಯರ ಹುಟ್ಟಿದ ದಿನ ಆಧಾರ್‌ನಲ್ಲಿ ಸಾಲಾಗಿ ಜನವರಿ 1. ಗೊಲ್ಲರಹಟ್ಟಿ, ಹೊಸಹಳ್ಳಿ ಹೋಬಳಿಗೊಂದು. ಚಿಕ್ಕನಾಯಕನಹಳ್ಳಿಯನ್ನೇ ಇಂಗ್ಲಿಷಿನಲ್ಲಿ ನಾಲ್ಕು ತರ ಬರೆಯುತ್ತಾರೆ. ಇದಕ್ಕೆ ಪರಿಹಾರ ಇದೆ, ಚೆನ್ನಾಗಿಯೂ ಇದೆ: ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಪಟ್ಟಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಅಂಕಿ ಇದೆ. ಊರಿನ ಹೆಸರು ಟೈಪ್ ಮಾಡುವ ಬದಲು ಅದನ್ನು ಆರಿಸಿದರೆ ಅರ್ಧ ತಲೆನೋವು ಕಳೆಯಿತು.

ಹಾವಿನ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ. 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದದ್ದೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗೂ ಅದು ಅನ್ವಯ. ಮರುತಿಂಗಳು ಕೇಂದ್ರ ತನ್ನ ಕ್ರಿಯಾಯೋಜನೆ ತಂದಿತು, ಆ ವರ್ಷದ ಕೊನೆಗೆ ಉಳಿದ ರಾಜ್ಯಗಳಿಗೂ ಹೀಗೇ ಮಾಡಿ ಎಂದಿತು. ಮಟ್ಟೆ ರಾಶಿಗೆ ಕೈ ಹಾಕುವ ನಮ್ಮ ಸೀಮೆಗೆ ಇದರ ಬೆಲೆ ಗೊತ್ತು. ಇಲ್ಲೂ ಗೆರೆಯ ಪ್ರಶ್ನೆ ಇದೆ. ಹಾವು ಕಂಡು, ಹಲ್ಲಿನ ಗುರುತಿದ್ದು, ವಿಷವೇರದಿದ್ದರೆ? ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಡಿದರೆ ಗುರುತೇ ಕಾಣದೆ ಬೆಳಗ್ಗೆ ಹೊಟ್ಟೆನೋವು ಎಂದು ಬರುತ್ತಾರೆ, ಅದು? ಸೋಂಕು ರೋಗಗಳ ಪೋರ್ಟಲಿನಲ್ಲಿ ಇಂಥದ್ದಕ್ಕೆ ಹಳೆಯ ಒಂದು ಜಾಣ್ಮೆಯ ಏರ್ಪಾಡಿದೆ: ಆರೋಗ್ಯ ಕಾರ್ಯಕರ್ತೆ ಶಂಕಿಸಿದ್ದು ಎಸ್ ಫಾರಂ, ಡಾಕ್ಟರು ಊಹಿಸಿದ್ದು ಪಿ, ಲ್ಯಾಬ್ ಖಚಿತಪಡಿಸಿದ್ದು ಎಲ್. ಮೂರನ್ನೂ ಕೂಡಿಸಬಾರದು, ಮೂರನ್ನೂ ಎಸೆಯಬಾರದು. ಹಠಾತ್ ಸಾವಿಗೂ ಹಾವಿಗೂ ಈ ಮೂರು ಮೆಟ್ಟಿಲು ಹಾಗೇ ಹೊಂದುತ್ತದೆ ಎಂದು ನನಗನ್ನಿಸುತ್ತದೆ.

ಇನ್ನು ಮೂವತ್ತು ದಾಟಿದವರಿಗೆ ದೀರ್ಘಕಾಲದ ಕಾಯಿಲೆಗಳ ಅಪಾಯ ಅಳೆಯಲು ಆಶಾ ಕಾರ್ಯಕರ್ತೆಯರು ತುಂಬಿಸುವ ಸಿಬಿಎಸಿ ನಮೂನೆ. ವಯಸ್ಸು, ಸೊಂಟದ ಸುತ್ತಳತೆ, ತಂಬಾಕು ಎಲ್ಲಕ್ಕೂ ಅಂಕ. ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅದರಲ್ಲೇ ಅಡುಗೆಗೆ ಏನು ಉರಿಸುತ್ತೀರಿ ಎಂಬ ಪ್ರಶ್ನೆ ಇದೆ: ಸೌದೆ, ಬೆಳೆಯ ಉಳಿಕೆ, ಬೆರಣಿ, ಕಲ್ಲಿದ್ದಲು, ಸೀಮೆಎಣ್ಣೆ, ಗ್ಯಾಸ್. ನಮ್ಮ ಒಲೆಗೆ ಹೋಗುವುದು ಮಟ್ಟೆ, ಗರಿ, ಕರಟ. ಇದು ಸೌದೆಯೋ, ಬೆಳೆಯ ಉಳಿಕೆಯೋ? ಒಬ್ಬರು ಹೀಗೆ ಬರೆದರೆ ಇನ್ನೊಬ್ಬರು ಹಾಗೆ. ಗ್ಯಾಸ್ ಇದ್ದೂ ಬಚ್ಚಲ ಒಲೆಗೆ ದಿನಾ ಮಟ್ಟೆ ಹಾಕುವ ಮನೆಯವರು ‘ಗ್ಯಾಸ್’ ಎಂದೇ ಹೇಳುತ್ತಾರೆ. ಪ್ರಶ್ನೆ ಕೇಳಿದ್ದು ಅಡುಗೆಯ ಬಗ್ಗೆ ತಾನೆ? ನಾರಿನ ಕಾರ್ಖಾನೆಯ ದೂಳು ಕುಡಿಯುವವರ, ಕರಟ ಸುಟ್ಟು ಇದ್ದಿಲು ಮಾಡುವ ಗುಂಡಿಯ ಪಕ್ಕದವರ ಕೆಮ್ಮಿಗೂ ಇಂಥದ್ದೇ ಗತಿ.

ಈ ಪದಗಳನ್ನೆಲ್ಲ ದೆಹಲಿಯಲ್ಲೋ ಜಿನೀವಾದಲ್ಲೋ ಕುಳಿತವರೇ ಹುಟ್ಟಿಸಬೇಕೆಂದಿಲ್ಲ. ಇಂಗ್ಲೆಂಡಿನ ಲಾಫ್‌ಬರೋ ಊರಿನ ಜೇಮ್ಸ್ ರೀಡ್ ಎಂಬ ಸಾಮಾನ್ಯ ವೈದ್ಯ 1980ರ ದಶಕದಲ್ಲಿ ತನ್ನ ಕ್ಲಿನಿಕ್ಕಿನ ಕಂಪ್ಯೂಟರಿಗಾಗಿ ಮಾಡಿಕೊಂಡ ಪಟ್ಟಿಯನ್ನು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಕೊಂಡುಕೊಂಡಿತು. ಅದು ಬೆಳೆದು ಅಮೆರಿಕದ ಇನ್ನೊಂದು ಪಟ್ಟಿಯೊಂದಿಗೆ ಸೇರಿ 2002ರಲ್ಲಿ ಸ್ನೋಮೆಡ್ ಸಿಟಿ ಆಯಿತು. ಇಂದು ಪುಣೆಯಿಂದ ನಮ್ಮ ಆಸ್ಪತ್ರೆಗಳಿಗೆ ಬರುತ್ತಿರುವುದು ಅದೇ. ಒಪಿಡಿಯಲ್ಲಿ ದಿನಕ್ಕೆ ನೂರು ಜನರನ್ನು ನೋಡುವವನಿಗೆ ಯಾವ ಪದ ಬೇಕು ಎಂಬ ತಿಳಿವಳಿಕೆ ಅದರ ಬುಡದಲ್ಲಿದೆ.

ಸ್ನೋಮೆಡ್‌ನಲ್ಲಿ ಇಲ್ಲದ ಪದ ಬೇಕಾದರೆ ಆಯಾ ದೇಶದ ಕೇಂದ್ರದ ಮೂಲಕ ಅರ್ಜಿ ಹಾಕುವ ಏರ್ಪಾಡು ಈಗಲೂ ಇದೆ. ನೊಣವಿನಕೆರೆಯ ಪಿಎಚ್‌ಸಿಯಿಂದ ಅಂಥದ್ದೊಂದು ಅರ್ಜಿ ಹೋಗಬಾರದೆಂದು ಎಲ್ಲೂ ಬರೆದಿಲ್ಲ. ಆದರೆ ನಮೂನೆಯ ಕಾಲಂ ಹೊಂದದಿದ್ದಾಗ ಆಶಾ, ನರ್ಸಮ್ಮ, ಡಾಟಾ ಎಂಟ್ರಿ ಹುಡುಗ ಮಾಡುವುದು ಹತ್ತಿರದ ಯಾವುದಾದರೊಂದನ್ನು ಒತ್ತಿ ಮುಂದೆ ಹೋಗುವುದು. ಒತ್ತದಿದ್ದರೆ ಪೋರ್ಟಲ್ ಮುಂದಕ್ಕೆ ಬಿಡುವುದಿಲ್ಲವಲ್ಲ. ಆ ತಪ್ಪು ಒತ್ತು ಎಲ್ಲೂ ದಾಖಲಾಗುವುದಿಲ್ಲ. ತುಮಕೂರಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯಾದ ಡಿಎಚ್‌ಒ ನಡೆಸುವ ಪರಿಶೀಲನಾ ಸಭೆಯಲ್ಲಿ ಗುರಿ ಎಷ್ಟು ಮುಟ್ಟಿತು ಎಂದು ಕೇಳುವ ಮೊದಲು, ಈ ತಿಂಗಳು ಯಾವ ಕಾಲಂ ತುಂಬಲು ಕಷ್ಟವಾಯಿತು, ಅಲ್ಲಿ ಏನು ಬರೆದಿರಿ ಎಂದು ಹತ್ತು ನಿಮಿಷ ಕೇಳಲಿ. ಬೈಯುವುದಿಲ್ಲ ಎಂದು ಮೊದಲೇ ಹೇಳಿ ಕೇಳಲಿ, ಉತ್ತರ ಬರೆದುಕೊಳ್ಳಲು ಒಬ್ಬರನ್ನು ಕೂರಿಸಲಿ. ಪುಣೆಗೆ ಹೋಗುವ ಮೊದಲ ಕಾಗದದಲ್ಲಿ ಮಟ್ಟೆ, ಗರಿ, ಕರಟ ಇರಲಿ.